ಕೆಂಚನ ಹೊಟ್ಟೆಯೂ ಅವ್ವನ ಡಬ್ಬಿಯೂ

ಮನೆಗೊಬ್ಬ ಡಾಕ್ಟರು ಇರಬೇಕು ಎಂದು ಆಸೆಪಡುವವರು ನಮ್ಮ ಮನೆಗೆ ಬಂದಿರಲಿಕ್ಕಿಲ್ಲ. ತೊಂಬತ್ತರ ದಶಕದಲ್ಲಿ ಚಳ್ಳಕೆರೆಯ ನಮ್ಮ ಮನೆಯಲ್ಲಿ ಇದ್ದವರು ನಾನು, ಅವ್ವ ಮತ್ತು ನಮ್ಮ ನಾಯಿ ಕೆಂಚ. ಅದರಲ್ಲಿ ಇಬ್ಬರು ಡಾಕ್ಟರು, ಒಬ್ಬ ರೋಗಿ. ನಾನು ಮೊಳಕಾಲ್ಮೂರಿನ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದ ವಿಜ್ಞಾನದ ಮೇಷ್ಟ್ರು. ವರ್ಷ ವರ್ಷವೂ ರೋಗಾಣುಗಳ ಪಾಠ ಮಾಡಿ ಅವುಗಳ ಜೊತೆ ನನಗೊಂದು ಸಲುಗೆ ಬೆಳೆದಿತ್ತು. ಅವ್ವನಿಗೆ ಓದಿನ ಹಂಗಿರಲಿಲ್ಲ. ಅವಳ ಬಳಿ ಬಿಸ್ಕತ್ತಿನ ಹಳೇ ಡಬ್ಬಿಯೊಂದಿತ್ತು.

ಡಾಕ್ಟರು ಬರೆದ ಮಾತ್ರೆಯನ್ನು ಪೂರ್ತಿ ನುಂಗುವ ದುರಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ. ಜ್ವರ ಇಳಿದ ಕೂಡಲೇ ಉಳಿದದ್ದು ಡಬ್ಬಿಗೆ. ಬೀದಿಯವರು ಉಳಿಸಿದ್ದೂ ಅಲ್ಲಿಗೇ. ದೇವಸಮುದ್ರದಿಂದ ಬರುತ್ತಿದ್ದ ಸೋದರಮಾವ ತಮ್ಮ ಕುರಿಗಳ ಮಾತ್ರೆಯಲ್ಲೂ ಒಂದಿಷ್ಟು ಕಾಣಿಕೆ ಹಾಕುತ್ತಿದ್ದರು. “ಕುರಿಗೆ ನಾಟಿದ್ದು ನಾಯಿಗೆ ನಾಟಲ್ವೇನಲೇ?” ಎಂಬುದು ಅವರ ವೈದ್ಯಶಾಸ್ತ್ರ. ನಾನು ಮಾತ್ರೆಯ ಪಟ್ಟಿಯ ಹಿಂದಿನ ಇಂಗ್ಲಿಷ್ ಓದಿ, “ಇದು ಆಂಟಿಬಯೋಟಿಕ್, ಒಳ್ಳೇದು” ಎಂದು ಸರ್ಟಿಫಿಕೇಟು ಕೊಡುತ್ತಿದ್ದೆ.

ಕೆಂಚ ಸೀನಿದರೆ ಒಂದು, ಕುಂಟಿದರೆ ಒಂದು, ಮದುವೆಮನೆಯ ಎಲೆ ನೆಕ್ಕಿ ಹೊಟ್ಟೆ ಕೆಟ್ಟರೆ ಇನ್ನೊಂದು. ಮುದ್ದೆಯೊಳಗೆ ಹುದುಗಿಸಿ ಹಾಕಿದರೆ ಅವನೂ ನಮ್ಮಂತೆಯೇ ಅಗಿಯದೆ ನುಂಗುತ್ತಿದ್ದ. ಗುಣವಾದಾಗಲೆಲ್ಲ ಕೀರ್ತಿ ಡಬ್ಬಿಗೆ. ತಾನಾಗಿಯೇ ವಾಸಿಯಾಯಿತೇನೋ ಎಂದು ಅನುಮಾನಪಡಲು ನಾವೇನು ಅವಿದ್ಯಾವಂತರೇ?

ಒಮ್ಮೆ ಮಾತ್ರ ಭೇದಿ ನಿಲ್ಲಲಿಲ್ಲ. ಡಬ್ಬಿ ಅರ್ಧ ಖಾಲಿಯಾಯಿತು, ಕೆಂಚ ಮುಕ್ಕಾಲು. ಮುದ್ದೆ ಕಂಡರೆ ಮುಖ ತಿರುಗಿಸತೊಡಗಿದ. ಅವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. ಗೋಣಿಚೀಲದ ಮೇಲೆ ಮಲಗಿಸಿ, ಆಟೋದಲ್ಲಿ ಪಶು ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಗ್ಲೂಕೋಸ್ ಏರಿಸಿ, ಮಲವನ್ನು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ನಮ್ಮನ್ನು ಕರೆಸಿದರು.

“ಏನ್ ಮೇಷ್ಟ್ರೇ, ಇದರ ಕರುಳಲ್ಲಿರೋ ಬ್ಯಾಕ್ಟೀರಿಯಾ ನಮ್ಮ ಯಾವ ಮಾತ್ರೆಗೂ ಬಗ್ತಿಲ್ಲ. ಏನೇನ್ ಕೊಟ್ಟೀರಿ?”

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೆಮ್ಮೆಯಿಂದ, “ಎಲ್ಲಾ ಕೊಟ್ಟೀವ್ರಿ. ಯಾವುದಕ್ಕೂ ಕಮ್ಮಿ ಮಾಡಿಲ್ಲ” ಎಂದಳು.

“ಅದಕ್ಕೇ ಕಣವ್ವಾ. ಅರ್ಧಂಬರ್ಧ ಮಾತ್ರೆ ಹಾಕಿದ್ರೆ ಬಡಪಾಯಿ ಬ್ಯಾಕ್ಟೀರಿಯಾ ಸಾಯ್ತವೆ, ಗಟ್ಟಿ ಇರೋವು ಉಳ್ಕಂಡು ಸಂಸಾರ ಮಾಡ್ತವೆ. ಇದು ಕೈ ನೆಕ್ಕಿದ್ರೆ ನಿಮ್ಮ ಹೊಟ್ಟೆಗೂ ಬರ್ತವೆ. ಮಾತ್ರೆ ಬಂದ್ ಮಾಡ್ರಿ. ಗಂಜಿ, ಉಪ್ಪು-ಸಕ್ಕರೆ ನೀರು ಕುಡಿಸ್ರಿ, ಕೈ ತೊಳ್ಕಳ್ರಿ. ಉಳಿಯೋದು ಅದರ ಗಟ್ಟಿತನದ ಮೇಲೈತೆ.”

ಇದೇ ಪಾಠವನ್ನು ನಾನು ಹತ್ತನೇ ತರಗತಿಗೆ ಮಾಡುತ್ತಿದ್ದೆ. ಪರೀಕ್ಷೆಯಲ್ಲಿ ಕೇಳಿ, ಸರಿ ಉತ್ತರಕ್ಕೆ ಅಂಕವನ್ನೂ ಕೊಟ್ಟಿದ್ದೆ. ಅದು ನಮ್ಮ ಮನೆಗೂ ಅನ್ವಯಿಸುತ್ತದೆಂದು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ಕೆಂಚ ಗಂಜಿ ಕುಡಿದು ಕುಡಿದು ಎದ್ದು ನಿಂತ. ನಾವು ಚಿಕಿತ್ಸೆ ನಿಲ್ಲಿಸಿದ್ದೇ ಅವನಿಗೆ ಚಿಕಿತ್ಸೆಯಾಯಿತು. ಅವ್ವ ಡಬ್ಬಿ ತೊಳೆದು ಸಾಸಿವೆ ತುಂಬಿದಳು.

ಆಮೇಲೊಂದು ದಿನ ನನಗೆ ನೆಗಡಿಯಾಯಿತು. ರೂಢಿಯಂತೆ ಕೈ ಡಬ್ಬಿಗೆ ಹೋಗಿ, ಸಾಸಿವೆಯೊಳಗೆ ಹುಡುಕಾಡಿತು. ಅವ್ವ ನೋಡಿದಳು.

“ಮಾತ್ರೆ ಯಾಕಪ್ಪಾ? ಕೆಂಚಗೇ ಬ್ಯಾಡ ಅಂದಾರೆ. ನೀನೇನು ಅವನಿಗಿಂತ ದೊಡ್ಡೋನಾ?” ಎಂದು ಗಂಜಿ ಕಾಯಿಸಿದಳು. ಮೊದಲು ಕೆಂಚನ ತಟ್ಟೆಗೆ ತುಂಬ ಸುರಿದಳು. ಉಳಿದದ್ದು ನನಗೆ.