ಲೂಸು ಪ್ಯಾಂಟಿನ ಲುಕ್ಸಾನು

ಮಾರೇಶ: ಕಾಲು ಲೂಸಾದ್ರ ಲಾಸು ನನಗ್ಯಾಕಲೇ? ಹೊಲಿಯೋವಾಗ ನಿನ್ನ ಕಣ್ಣು ಎಲ್ಲಿದ್ವು?

ಯರ್ರಿಸ್ವಾಮಿ: ನೀ ಕತ್ತರಿಸಿ ಕೊಟ್ಟಿದ್ದು ನಾ ಹೊಲಿದೆ. ಕತ್ತರಿ ನಿಂದು, ತಪ್ಪು ನಿಂದು, ಲುಕ್ಸಾನೂ ನಿಂದೇ!

ಬಳ್ಳಾರಿಯ ಓಣಿಯೊಂದರಲ್ಲಿ ಇವರಿಬ್ಬರೂ ಪಾಲಿನಲ್ಲಿ ಜೀನ್ಸ್ ಹೊಲಿಯುವ ಕೆಲಸ ಹಿಡಿದು ಎರಡು ವರ್ಷ. ಮಾರೇಶ ಕತ್ತರಿಸುತ್ತಾನೆ, ಯರ್ರಿಸ್ವಾಮಿ ಹೊಲಿಯುತ್ತಾನೆ, ಅವನ ಹೆಂಡತಿ ರಾಧಾ ಗುಂಡಿ ಹಾಕುತ್ತಾಳೆ. ಸಿರುಗುಪ್ಪದ ವ್ಯಾಪಾರಿ ಕೊಟ್ಟೂರಪ್ಪ ಬೆಳಿಗ್ಗೆ ಫೋನಿನಲ್ಲಿ, “ನೀವು ಕೊಟ್ಟ ನೂರೂ ಪ್ಯಾಂಟಿನ ಕಾಲು ಲೂಸು, ನಾನೇ ಬರ್ತೀನಿ” ಅನ್ನುವಷ್ಟರಲ್ಲಿ ಲೈನು ಕಟ್ಟಾಗಿತ್ತು.

ರಾಧಾ: ಕರಾರಿನಾಗ ಏನು ಬರದೀರಿ, ಓದ್ರಿ.

ಯರ್ರಿಸ್ವಾಮಿ: “ದುಡಿಮೆ ಅರ್ಧ ಅರ್ಧ. ಒಬ್ಬನ ಕೈಯಿಂದಾದ ಲಾಭ-ಲುಕ್ಸಾನು ಅವನಿಗೇ.” ಕೇಳಿಸ್ತೇನು?

ಮಾರೇಶ: ಕೇಳಿಸ್ತು. ನೂರು ಪ್ಯಾಂಟಿನ ನಲವತ್ತು ಸಾವಿರ ನೀನೇ ಕಟ್ಟು. ಎರಡು ಬೆರಳು ಒಳಗ ಹೊಲಿ ಅಂದ್ರ ಅಂಚಿಗೇ ಓಡಿಸಿದಿ.

ಯರ್ರಿಸ್ವಾಮಿ: ಎರಡು ಬೆರಳಿಗೆ ಇಷ್ಟು ಅಗಲ ಆಗ್ತೈತೇನು? ಒಂದೊಂದು ಕಾಲಿನಾಗ ಒಂದೊಂದು ಚೀಲ ಭತ್ತ ಹಿಡಿತೈತಿ!

ಮಾರೇಶ: ಸಿರುಗುಪ್ಪದಾಗ ಭತ್ತಕ್ಕೇನು ಬರ? ತುಂಬಿಕೊಳ್ಳಲಿ ಬಿಡು.

ಅಷ್ಟರಲ್ಲಿ ಕೊಟ್ಟೂರಪ್ಪ ಬೆವರು ಒರೆಸಿಕೊಳ್ಳುತ್ತಾ ಒಳಗೆ ಬಂದ.

ಯರ್ರಿಸ್ವಾಮಿ: ಬರ್ರಿ ಸಾವ್ಕಾರ್ರೇ, ತಪ್ಪು ಇವಂದು!

ಮಾರೇಶ: ಸುಳ್ಳು, ಇವಂದು!

ಕೊಟ್ಟೂರಪ್ಪ: ಯಾವ ತಪ್ಪು? ಈಗ ಅದೇ ಫ್ಯಾಷನ್ ಅಂತ. ಕಾಲೇಜು ಹುಡುಗ್ರು ನೂರೂ ಎತ್ತಿಕೊಂಡು ಹೋದ್ರು, ತೋರಿಸಾಕ ಒಂದೂ ಉಳಿದಿಲ್ಲ. ಇನ್ನೂ ಮುನ್ನೂರು ಬೇಕು. ಒಂದಕ್ಕ ನೂರು ರೂಪಾಯಿ ಜಾಸ್ತಿ ಕೊಡ್ತೀನಿ.

ಇಬ್ಬರೂ ಒಮ್ಮೆಲೇ ಕರಾರಿನ ಹಾಳೆಗೆ ಕೈ ಹಾಕಿದರು.

ಮಾರೇಶ: ಕತ್ತರಿ ನಂದು ಅಂತ ಈಗ ನೀನೇ ಅಂದಿಯಲ್ಲಲೇ? ಆ ನೂರು ನಂದು.

ಯರ್ರಿಸ್ವಾಮಿ: ಅಂಚಿಗೆ ಓಡಿಸಿದ್ದು ನಾನು ಅಂತ ನೀನೇ ಅಂದಿ. ತಪ್ಪು ಪೂರಾ ನಂದು!

ರಾಧಾ: ಜಗಳ ಯಾಕ? ಹೆಂಗ ತಪ್ಪಿದ್ರಿ, ಒಂದು ಪ್ಯಾಂಟು ಮಾಡಿ ತೋರಸ್ರಿ.

ಮಾರೇಶ ನೆನಪು ಮಾಡಿಕೊಂಡು ಕತ್ತರಿಸಿದ. ಯರ್ರಿಸ್ವಾಮಿ ಅಂಚಿಗೇ ಹೊಲಿದ. ಪ್ಯಾಂಟು ಅಳತೆಗೆ ಸರಿಯಾಗಿ ಬಂತು.

ಕೊಟ್ಟೂರಪ್ಪ: ಥೂ, ಇದು ಸರಿ ಐತಲ್ರೋ! ನನಗ ತಪ್ಪಿದ್ದು ಬೇಕು.

ಇಬ್ಬರೂ ಇನ್ನೊಂದು ಮಾಡಿದರು. ಅದು ಇನ್ನೂ ಬಿಗಿಯಾಯಿತು.

ರಾಧಾ: ಒಂದು ತಪ್ಪು ನೆಟ್ಟಗ ಮಾಡಾಕ ಬರಂಗಿಲ್ಲ, ಪಾಲು ಕೇಳ್ತಾರ ಪಾಲು!

ಮಾರೇಶ ಕರಾರಿನ ಎರಡನೇ ಸಾಲು ಹೊಡೆದು ಹಾಕಿದ.

ಮಾರೇಶ: ಲೇ ಯರ್ರಿ, ಎಲ್ಲಾ ಅರ್ಧ ಅರ್ಧ. ಬಾ, ಕೂಡಿ ತಪ್ಪು ಮಾಡೋಣು.