ಐದರೊಳಗೆ ಮೂರು ಕಾರು

ವಿದ್ಯುತ್ ಕಾರು ಕೊಳ್ಳುವವರಿಗೆ ಸರ್ಕಾರ ಕೊಡುತ್ತಿದ್ದ ತೆರಿಗೆ ರಿಯಾಯಿತಿ ಅಂದು ಸಂಜೆ ಐದಕ್ಕೆ ಮುಗಿಯುವುದಿತ್ತು. ಬೆಳಿಗ್ಗೆ ಕಾರಂಗಡಿಯ ಶಟರ್ ಎತ್ತುತ್ತಲೇ ಯಜಮಾನರು ಸೇಲ್ಸ್‌ಮನ್ ಮಾತಿನಮಲ್ಲನನ್ನು ಕರೆದರು.

"ಮೂರು ಕಾರು ಉಳಿದಿವೆ. ಐದರೊಳಗೆ ಹೋಗ್ಬೇಕು. ಆಮೇಲೆ ನಿನ್ನ ಕೆಲಸದ ವಿಚಾರ ಮಾತಾಡೋಣ."

ಮಾತಿನಮಲ್ಲ ಅನ್ನುವುದು ಅಂಗಡಿಯವರು ಇಟ್ಟ ಹೆಸರು. ಗಿರಾಕಿ ಎದುರಾದರೆ ಪಾಪ, ಅವನ ನಾಲಿಗೆ ಒಣಗಿಹೋಗುತ್ತಿತ್ತು.

"ಮಾರದಿದ್ರೆ ಮನೆಗೆ ಕಳಿಸ್ತಾರೆ ಅಂತ ಅದರರ್ಥ," ಎಂದರು ಲೆಕ್ಕ ಬರೆಯುವ ಅಕ್ಕ. ಯಜಮಾನರ ಮಾತಿಗೆಲ್ಲ ಅರ್ಥ ಹೇಳುವ ಹೊಣೆ ಅವರೇ ಹೊತ್ತುಕೊಂಡಿದ್ದರು.

ಮೊದಲ ಗಿರಾಕಿ ನಿವೃತ್ತ ಮೇಷ್ಟ್ರು. ಓಡಿಸಿ ನೋಡಲು ಕೂತರು. ಕಾರು ಸದ್ದೇ ಮಾಡದ್ದರಿಂದ ಅದು ಚಾಲೂ ಆಗಿದ್ದು ಅವರಿಗೆ ತಿಳಿಯಲಿಲ್ಲ. "ಇದು ಕೆಟ್ಟಿದೆಯಲ್ಲಪ್ಪ?" ಎನ್ನುತ್ತ ಆಕ್ಸಿಲರೇಟರ್ ತುಳಿದರು. ಕಾರು ನಾಲ್ಕು ಹೂಕುಂಡ ಉರುಳಿಸಿ, ರಸ್ತೆ ದಾಟಿ, ಎದುರಿನ ದೊಡ್ಡ ಕಂಪನಿಯ ಶೋರೂಮಿನ ಬಾಗಿಲಲ್ಲಿ ನಿಂತಿತು. ಅಲ್ಲಿಯವರು ಇವರನ್ನು ತಮ್ಮ ಗಿರಾಕಿ ಎಂದುಕೊಂಡು ನೀರು ಕೊಟ್ಟು ಉಪಚರಿಸಿದರು. ನಾಚಿಕೆಯಿಂದ ಮೇಷ್ಟ್ರು ವಾಪಸು ಬಂದು ಅದೇ ಕಾರನ್ನು ಕೊಂಡರು.

ಎರಡನೆಯದನ್ನು ಒಬ್ಬ ದಂತವೈದ್ಯೆ ಬಾಯಿ ತೆರೆಯದೆ ಕೊಂಡುಹೋದರು.

ಮೂರನೆಯದನ್ನು ಕೇಳುವವರೇ ಇಲ್ಲ. ಗಂಟೆ ಐದಾಗಲು ಹತ್ತೇ ನಿಮಿಷ.

"ನೀನೇ ತಗೊಂಡುಬಿಡೋ," ಎಂದರು ಅಕ್ಕ. "ಸಂಬಳದಲ್ಲಿ ಕಂತು ಕಟ್ಟಿದ್ರಾಯ್ತು. ಕೆಲಸ ಉಳಿಯುತ್ತಲ್ಲ!"

"ನಮ್ಮನೆ ಮೂರನೇ ಮಹಡಿ ಅಕ್ಕಾ. ಚಾರ್ಜ್ ಮಾಡೋದೆಲ್ಲಿ?"

"ಇಲ್ಲೇ ಹಾಕ್ಕೊಳ್ಳಯ್ಯ, ಪುಕ್ಕಟೆ," ಎಂದ ಮೆಕ್ಯಾನಿಕ್ಕು, ಅಂಗಡಿ ತನ್ನಪ್ಪನದೇನೋ ಎಂಬಂತೆ.

ಹೆಂಡತಿಗೆ ಏನು ಹೇಳುವುದೆಂದು ಯೋಚಿಸಲೂ ಪುರಸೊತ್ತಿರಲಿಲ್ಲ. ಮಲ್ಲ ಸಾಲದ ಕಾಗದಕ್ಕೆ ಸಹಿ ಹಾಕಿ, ಒಳಕೋಣೆಗೆ ಓಡಿದ.

"ಸಾರ್, ಮೂರೂ ಹೋಯ್ತು!"

ಯಜಮಾನರು ಎದ್ದು ಬಂದು ಅಪ್ಪಿಕೊಂಡರು. ಅವರ ಕಣ್ಣು ತುಂಬಿತ್ತು.

"ನಾಳೆಯಿಂದ ರಿಯಾಯಿತಿ ಇಲ್ಲ ಕಣಯ್ಯಾ. ಎದುರಿನವರು ತಮ್ಮ ಜೇಬಿಂದಲೇ ಬೆಲೆ ಇಳಿಸ್ತಾರೆ, ನಮ್ಮಂಥ ಸಣ್ಣವರಿಗೆ ಆಗುತ್ತಾ? ಸರಕು ಖಾಲಿಯಾದ ದಿನ ಅಂಗಡಿ ಮುಚ್ಚೋಣ ಅಂತಿದ್ದೆ. ಒಂದೇ ಒಂದು ಉಳಿದಿದ್ರೂ ಅದನ್ನ ಮಾರೋಕೆ ನಿನ್ನನ್ನ ಇನ್ನೊಂದಷ್ಟು ತಿಂಗಳು ಇಟ್ಕೋಬೇಕಾಗ್ತಿತ್ತು. ನನ್ನನ್ನ ಪಾರು ಮಾಡ್ದೆ!"

ಯಜಮಾನರು ಕಣ್ಣೊರೆಸಿಕೊಂಡು ಕೇಳಿದರು:

"ಅಂದಹಾಗೆ, ಆ ಮೂರನೇದನ್ನ ತಗೊಂಡ ಮಹಾನುಭಾವ ಯಾರಯ್ಯಾ?"