ತಂತಿಯ ಮೇಲೆ ಸಾಹೇಬರು

ಮನುಷ್ಯರನ್ನು ತಂತಿಗೆ ತೂಗುಹಾಕಿ ಇಳಿಸುವ ಕೆಲಸ ಕಲಿಯಲು ಹೊರಟವನಿಗೆ ನಗೆಯ ಪ್ರಸಂಗಗಳಿಗೆ ಬರವಿಲ್ಲ. ನಗುವ ಪಾಳಿ ಮಾತ್ರ ಯಾವಾಗಲೂ ಬೇರೆಯವರದು.

ಎಂಬತ್ತರ ದಶಕದಲ್ಲಿ ನಾನು ಹಾನಗಲ್ಲಿನ ಕಚೇರಿಯೊಂದರಲ್ಲಿ ಓವರ್‌ಸಿಯರ್. ತಿಳವಳ್ಳಿ ಕಡೆಯ ಕೆರೆಯೊಂದರ ದಂಡೆಯಲ್ಲಿ ಯುವಕರ ಸಾಹಸ ಶಿಬಿರ ಆಗುವುದಿತ್ತು. ನಮ್ಮ ಸಾಹೇಬರು ಎಲ್ಲೋ ತಂತಿಯ ಮೇಲೆ ಜಾರುವುದನ್ನು ಕಂಡು ಬಂದು, ‘ಆ ದಿಬ್ಬದಿಂದ ಈ ದಂಡಿಗೆ ಒಂದು ತಂತಿ ಎಳೀರಿ. ಯಾರಿಗಾರ ಏನಾರ ಆತಂದ್ರ ನಿಮ್ಮ ನೌಕರಿ ಇರಂಗಿಲ್ಲ’ ಅಂದರು. ನನಗೆ ಬರುತ್ತಿದ್ದುದು ಮೋರಿ ಕಟ್ಟುವುದು.

ಜೋಲು

ಪುಸ್ತಕ ಓದಿ ನಾನು ಮೊದಲು ಕಲಿತದ್ದು, ತಂತಿಯನ್ನು ತೀರ ಬಿಗಿಯಬಾರದು, ಸ್ವಲ್ಪ ಜೋಲು ಬಿಡಬೇಕು, ಇಲ್ಲದಿದ್ದರೆ ಭಾರ ಬಿದ್ದಾಗ ಕಂಬವೇ ಕಿತ್ತು ಬರುತ್ತದೆ ಎಂಬುದು. ಹಾಗೇ ಬಿಟ್ಟೆ. ಶಿಬಿರದ ಸಮಿತಿಯ ಹಿರಿಯರೊಬ್ಬರು ನೋಡಿ ಮುಖ ಸಣ್ಣ ಮಾಡಿದರು. ಅವರು ಊರಿನ ದೊಡ್ಡ ಜಮೀನುದಾರರು, ಬಹಳ ಒಳ್ಳೆಯವರು. ನನ್ನ ಕಷ್ಟಕ್ಕೆಲ್ಲ ಅದೇ ಕಾರಣ.

ಮರುದಿನ ಹೋದರೆ ತಂತಿ ಬಿಗಿದು ನಿಂತಿದೆ, ಕಂಬ ಕೆರೆಯ ಕಡೆ ವಾಲಿದೆ.

‘ಇದೇನ್ ಮಾಡೀರಿ?’ ಎಂದು ಹಿರಿಯರನ್ನು ಕೇಳಿದೆ.

‘ಜೋಲು ಬಿದ್ದಿತ್ರಿ. ಮಂದಿ ನಿಮಗ ನಗ್ತಾರಂತ ಎತ್ತು ಹೂಡಿ ಜಗ್ಗಿಸೇನಿ.’

ಕಂಬ ಕಿತ್ತು, ಮತ್ತೆ ಹುಗಿದು, ಕಾಂಕ್ರೀಟು ಹಾಕಿ, ಜೋಲು ಬಿಟ್ಟೆ. ಮುಂದಿನ ಸಲ ಹೋದಾಗ ದಂಡೆಯ ಕಡೆಯ ತಂತಿಯ ತುಂಬ ಸೀರೆ ಒಣಗುತ್ತಿದ್ದವು.

ಚೀಲ

ಮನುಷ್ಯನಿಗಿಂತ ಭಾರ ಇರಲಿ ಎಂದು ಅಕ್ಕಿಆಲೂರಿನ ಮಿಲ್ಲಿನಿಂದ ಭತ್ತದ ಚೀಲ ತರಿಸಿ, ರಾಟೆಗೆ ಕಟ್ಟಿ ಬಿಟ್ಟೆವು. ಅದು ಹೋದ ರಭಸಕ್ಕೆ ಕೆಳಗಿನ ಕಂಬಕ್ಕೆ ಬಡಿದು ಒಡೆದೇ ಹೋಯಿತು. ಚೀಲದ ಜಾಗದಲ್ಲಿ ಯಾರದಾದರೂ ಮಗ ಇದ್ದಿದ್ದರೆ? ಅಂದು ಊಟ ಸೇರಲಿಲ್ಲ.

ಹಿರಿಯರು ಒಂದು ಹಿಡಿ ಭತ್ತ ಎತ್ತಿ ನೋಡಿ ಸಮಾಧಾನ ಹೇಳಿದರು: ‘ಯಾಕ ಮಾರಿ ಸಣ್ಣ ಮಾಡ್ತೀರಿ? ಬಳದು ಇನ್ನೊಂದು ಚೀಲಕ್ಕ ತುಂಬಿದ್ರ ಆತು.’

ಮನುಷ್ಯರ ವಿಷಯದಲ್ಲಿ ಆ ಅನುಕೂಲವಿಲ್ಲ.

ಕನ್ಯೆ ನೋಡಿದ್ದು

ಇಳಿಜಾರು ಕಡಿಮೆ ಮಾಡಿದೆ. ಕೆಳಗೆ ಲಾರಿಯ ಹಳೆಯ ಟೈರು ಕಟ್ಟಿದೆ. ನಡುವೆ ಸಿಕ್ಕಿಕೊಂಡವರನ್ನು ಹಿಂದಕ್ಕೆ ಎಳೆಯಲು ರಾಟೆಗೆ ಉದ್ದನೆಯ ಹಗ್ಗ ಹಾಕಿದೆ. ಅಷ್ಟರಲ್ಲಿ ಸವಣೂರಿನಿಂದ ಅವ್ವ ಬಂದು ನನ್ನನ್ನು ಶಿಗ್ಗಾಂವಿಗೆ ಕನ್ಯೆ ನೋಡಲು ಎಳೆದುಕೊಂಡು ಹೋದಳು. ಹುಡುಗಿಯ ತಂದೆ ನನ್ನ ಕೆಲಸ ಕೇಳಿದರು. ನಾನು ಉತ್ಸಾಹದಿಂದ ಎಲ್ಲ ವಿವರಿಸಿದೆ.

‘ಎಷ್ಟು ಮಂದಿ ಇಳದಾರ?’

‘ಇನ್ನೂ ಯಾರೂ ಇಳದಿಲ್ರಿ. ಚೀಲ ಇಳದೈತಿ.’

‘ಚೀಲ ಹೆಂಗೈತಿ?’

‘ಒಡೀತ್ರಿ.’

ಅವರು ಒಳಗಿನ ಕಡೆ ತಿರುಗಿ, ‘ಉಪ್ಪಿಟ್ಟು ಅಷ್ಟ ಕೊಡ್ರಿ. ಹುಡುಗೀನ ಕರಕೊಂಡು ಬರೂದು ಬ್ಯಾಡ’ ಅಂದರು.

ಉದ್ಘಾಟನೆ

ಕೊನೆಗೆ ನಾನೇ ಬೆಲ್ಟು ಕಟ್ಟಿಕೊಂಡು ಇಳಿದೆ. ಟೈರಿಗೆ ತಾಗಿ ಮೆಲ್ಲಗೆ ನಿಂತೆ. ಎಷ್ಟೋ ದಿನಗಳ ನಂತರ ಹೊಟ್ಟೆ ತುಂಬ ಉಂಡೆ.

ಉದ್ಘಾಟನೆಯ ದಿನ ಸಾಹೇಬರು ತಾವೇ ಮೊದಲು ಇಳಿಯುತ್ತೇನೆಂದರು. ದಿಬ್ಬದ ಮೇಲೆ ನಾನು ಅವರಿಗೆ ಬೆಲ್ಟು ಬಿಗಿಯುತ್ತಿದ್ದಾಗ, ಕೆಳಗಿನ ದಂಡೆಯಲ್ಲಿ ಹಿರಿಯರು ಏಣಿ ಹಾಕಿಸಿ ತಂತಿಗೇ ಮಾವಿನ ತೋರಣ ಸುತ್ತಿಸುತ್ತಿದ್ದರು. ಶುಭಕಾರ್ಯಕ್ಕೆ ಬೋಳು ತಂತಿ ಇರಬಾರದಂತೆ. ನಾನು ಕಂಡು ಕೂಗುವಷ್ಟರಲ್ಲಿ ಸಾಹೇಬರು ಹೊರಟಾಗಿತ್ತು. ರಾಟೆ ತೋರಣಕ್ಕೆ ಸಿಕ್ಕಿ ನಿಂತು, ಹಿಂದಕ್ಕೆ ಜೋಲಿನ ಕಡೆ ಜಾರಿತು. ಸಾಹೇಬರು ನೀರಿನ ಮೇಲೆ ತೂಗಾಡತೊಡಗಿದರು.

‘ಹಗ್ಗ ಜಗ್ರಿ!’ ಎಂದು ಅರಚಿದೆ. ದಿಬ್ಬದ ಮೇಲಿದ್ದವರು ಯಾರೂ ಹಗ್ಗ ಮುಟ್ಟಲಿಲ್ಲ.

‘ಉದ್ಘಾಟನಾಕ್ಕ ಹೊಂಟವ್ರನ್ನ ಹಿಂದಕ್ಕ ಜಗ್ಗಬಾರದ್ರಿ. ಅಪಶಕುನ,’ ಅಂದ ಅವರಲ್ಲೊಬ್ಬ.

ನಾನೊಬ್ಬನೇ ಎಳೆದೆ. ಹಗ್ಗ ಮಿಸುಕಲಿಲ್ಲ, ನನಗೆ ಅಳುವೇ ಬಂತು. ಕೆಳಗೆ ಜನ ಕಾಯುತ್ತಿದ್ದಾರೆಂದು ಹಿರಿಯರು ಮೈಕು ಹಿಡಿದು ಕಾರ್ಯಕ್ರಮ ಶುರು ಮಾಡಿಯೇಬಿಟ್ಟರು. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು, ಅತಿಥಿಗಳ ಪರಿಚಯ ಆಯಿತು. ಅತಿಥಿಗಳು ಮೇಲಿನಿಂದಲೇ ಕೇಳಿಸಿಕೊಂಡರು. ವಂದನಾರ್ಪಣೆ ಮುಗಿಯುವ ಹೊತ್ತಿಗೆ ನೀರಿನ ಮೇಲಿಂದ ದನಿ ಬಂತು: ‘ಶಕುನ ನಾ ನೋಡ್ಕೋತೇನಿ! ಮದಲ ಜಗ್ರಿ!’

ಆಗ ಎಲ್ಲರೂ ಕೈ ಹಚ್ಚಿದರು. ಸಾಹೇಬರು ದಿಬ್ಬಕ್ಕೆ ಬಂದು ಬೆಲ್ಟು ಬಿಚ್ಚಿ ಮುಖ ಒರೆಸಿಕೊಂಡರು. ನೌಕರಿ ಹೋಯಿತೆಂದು ನಾನು ತಲೆ ತಗ್ಗಿಸಿ ನಿಂತೆ.

‘ತಂತಿ ಗಟ್ಟಿ ಐತಿ ಬಿಡ್ರಿ,’ ಅಂದರು. ‘ಅಷ್ಟೂ ಭಾಷಣ ಕೇಳಿದ್ರೂ ಹರೀಲಿಲ್ಲ.’